ಕಡತ ಉಳಿದಲ್ಲಿ ನೆನಪು ಉಳಿಯಿತು: ತೂಲ್ ಸ್ಲೆಂಗ್ ಮ್ಯೂಸಿಯಂ ನೋಡುವ ಬಗೆ

ಪ್ರಶ್ನೆ: ಆಂಕೋರ್ ವಾಟ್ ನೋಡಲು ಹೋದವರು ಎರಡು ದಿನ ಫ್ನೋಮ್ ಪೆನ್‌ನಲ್ಲೂ ಉಳಿದು ತೂಲ್ ಸ್ಲೆಂಗ್ ನರಮೇಧ ಮ್ಯೂಸಿಯಂ ನೋಡಿಕೊಂಡು ಬಂದೆವು. ಅಲ್ಲಿಂದ ಜೀವಂತ ಹೊರಬಂದವರು ಏಳೇ ಜನ ಎಂದು ಗೈಡ್ ಹೇಳಿದ. ಊರಿಗೆ ಬಂದು ಓದಿದರೆ ಒಂದು ಕಡೆ 12, ಇನ್ನೊಂದು ಕಡೆ ಇನ್ನೂರರ ಹತ್ತಿರ. ಸತ್ತವರ ಲೆಕ್ಕವೂ ಹೀಗೇ ಏರುಪೇರು. ನಾವು ಕಂಡದ್ದರಲ್ಲಿ ಇದ್ದದ್ದು ಎಷ್ಟು, ಆಮೇಲೆ ಜೋಡಿಸಿಟ್ಟದ್ದು ಎಷ್ಟು? ಮುಂದಿನ ವರ್ಷ ಬಿ.ಎ. ವಿದ್ಯಾರ್ಥಿಗಳನ್ನು ಕರೆದೊಯ್ಯುವ ಯೋಚನೆಯಿದೆ. ಅವರಿಗೆ ಏನು ತೋರಿಸಬೇಕು, ಹೇಗೆ? – ಇತಿಹಾಸ ಅಧ್ಯಾಪಕಿ, ಮೈಸೂರು

ಉತ್ತರ: ಮೊದಲು ಲೆಕ್ಕ ತೀರಿಸಿಬಿಡೋಣ. ಏಳು ಎಂಬುದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಫ್ನೋಮ್ ಪೆನ್ ಹಿಡಿಯಿತು. ಅಲ್ಲಿಯವರೆಗೆ ದೇಶ ಆಳಿದ್ದು ಖ್ಮೇರ್ ರೂಜ್, ಅಂದರೆ ಪೋಲ್ ಪಾಟ್ ನೇತೃತ್ವದ ಕಮ್ಯುನಿಸ್ಟ್ ಪಕ್ಷ. ಅವರು ನಡೆಸುತ್ತಿದ್ದ, ಎಸ್-21 ಎಂಬ ಸಂಕೇತನಾಮದ ಈ ಸೆರೆಮನೆಯಿಂದ ಉಳಿದು ಬಂದವರಲ್ಲಿ ಏಳು ಮಂದಿ ಮ್ಯೂಸಿಯಂನ ಆರಂಭದ ದಿನಗಳಲ್ಲಿ ಒಟ್ಟಿಗೆ ನಿಂತು ಫೋಟೊ ತೆಗೆಸಿಕೊಂಡರು. ಆ ಫೋಟೊ ಗೋಡೆಗೇರಿತು, ಗೈಡುಗಳಿಗೆ ಬಾಯಿಪಾಠವಾಯಿತು. 12 ಎನ್ನುವವರು ಅಲ್ಲಿ ಸಿಕ್ಕ ಮಕ್ಕಳನ್ನೂ ಸೇರಿಸಿ ಎಣಿಸುತ್ತಾರೆ. ಆಮೇಲೆ ಕಾಂಬೋಡಿಯಾ ದಾಖಲಾ ಕೇಂದ್ರದವರು ಸೆರೆಮನೆಯ ಕಡತಗಳನ್ನೇ ಜಾಲಾಡಿದಾಗ, 1975ರಿಂದ 78ರ ನಡುವೆ ಕನಿಷ್ಠ 179 ಬಂದಿಗಳನ್ನು ಬಿಟ್ಟು ಕಳಿಸಿದ್ದಕ್ಕೆ ದಾಖಲೆ ಸಿಕ್ಕಿತು. ಕೊನೆಯ ಗಳಿಗೆಯಲ್ಲಿ ಉಳಿದವರು 23ರ ಆಸುಪಾಸು ಎಂದೂ ಅವರು ಹೇಳಿದರು. ನೀವು ಓದಿದ "ಇನ್ನೂರರ ಹತ್ತಿರ" ಬಂದದ್ದು ಇಲ್ಲಿಂದ.

ಸತ್ತವರ ಸಂಖ್ಯೆಯೂ ಪಟ್ಟಿಗಳಿಂದಲೇ ಬಂದದ್ದು. ಖ್ಮೇರ್ ರೂಜ್ ನಾಯಕರ ವಿಚಾರಣೆಗೆಂದು ವಿಶ್ವಸಂಸ್ಥೆಯ ನೆರವಿನಿಂದ ಕಾಂಬೋಡಿಯಾದಲ್ಲಿ ರಚಿಸಿದ ನ್ಯಾಯಮಂಡಳಿ, ಈ ಸೆರೆಮನೆಯ ಮುಖ್ಯಸ್ಥನ ಮೊಕದ್ದಮೆಯಲ್ಲಿ 2010ರಲ್ಲಿ ಕೊಟ್ಟ ತೀರ್ಪು ಕನಿಷ್ಠ 12,272 ಮಂದಿ ಎಂದು ಹೇಳಿತು. ಬಳಿಕ ಪಟ್ಟಿಗಳನ್ನು ತಾಳೆ ಹಾಕಿ ಮರುಜೋಡಿಸಿದಾಗ ಬಂದಿಗಳ ಸಂಖ್ಯೆ 15,000 ದಾಟಿತು. ಮ್ಯೂಸಿಯಂ ಈಗ ಸುಮಾರು 18,000 ಎನ್ನುತ್ತದೆ. ಪಟ್ಟಿಯಲ್ಲಿ ಒಬ್ಬನೇ ಎರಡು ಹೆಸರಿನಲ್ಲಿ ಬಂದಿರುತ್ತಾನೆ. ಗಂಡನ ಹೆಸರು ಇರುತ್ತದೆ, ಜೊತೆಗೆ ಬಂದ ಹೆಂಡತಿ ಮಕ್ಕಳು ಎಷ್ಟೋ ಸಲ ದಾಖಲೇ ಆಗಿರುವುದಿಲ್ಲ. ಹೀಗಾಗಿ ಸಂಖ್ಯೆ ಬದಲಾಯಿತೆಂದರೆ ಯಾರೋ ಸುಳ್ಳು ಹೇಳಿದ್ದರು ಎಂದರ್ಥವಲ್ಲ. ಪೋಲೆಂಡಿನಲ್ಲಿರುವ ನಾಜಿ ಸಾವಿನ ಶಿಬಿರ ಆಷ್ವಿಟ್ಸ್-ಬಿರ್ಕೆನಾವ್‌ನ ಸ್ಮಾರಕ ಫಲಕಗಳ ಮೇಲೆ 1990ರವರೆಗೂ 40 ಲಕ್ಷ ಎಂದಿತ್ತು. ಅಲ್ಲಿನ ಸಂಶೋಧಕರೇ ಕೂತು ಲೆಕ್ಕ ಹಾಕಿ ಸುಮಾರು 11 ಲಕ್ಷ ಎಂದರು, ಹಳೆಯ ಫಲಕಗಳನ್ನು ತೆಗೆಯಲಾಯಿತು. ಅಲ್ಲಗಳೆಯುವವರು "ನೋಡಿ, ಲೆಕ್ಕವೇ ತಪ್ಪು" ಎಂದು ಹಿಡಿದುಕೊಳ್ಳುವುದು ಇಂಥ ಕಡೆಯೇ. ವಿದ್ಯಾರ್ಥಿಗಳಿಗೆ ಸಂಖ್ಯೆ ಹೇಳುವಾಗ ಯಾವ ವರ್ಷದ, ಯಾವ ಪಟ್ಟಿಯ ಸಂಖ್ಯೆ ಎಂದು ಸೇರಿಸಿ ಹೇಳುವ ಅಭ್ಯಾಸ ಇಟ್ಟುಕೊಳ್ಳಿ.

ಏಳು ಎಂಬುದು ಇಷ್ಟು ಗಟ್ಟಿಯಾಗಿ ಏಕೆ ಉಳಿಯಿತು? "ಒಳಗೆ ಹೋದವರು ಹೊರಗೆ ಬರಲಿಲ್ಲ" ಎಂಬ ಒಂದೇ ಮಾತನ್ನು ಅದು ಹೇಳುತ್ತದೆ, ಕೇಳಿದವರಿಗೆ ಮರೆಯುವುದಿಲ್ಲ. 179 ಬಿಡುಗಡೆ ಎಂದರೆ ವಿಚಾರಣೆ, ಟಿಪ್ಪಣಿ, ಸಹಿ, ಮೊಹರು ಎಲ್ಲ ಇದ್ದ ಒಂದು ಕಚೇರಿ ಕಣ್ಣೆದುರು ಬರುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಭಯಾನಕ. ಆದರೆ ಅದನ್ನು ಫೋಟೊ ಹಾಗೆ ಗೋಡೆಗೆ ತೂಗುಹಾಕಲು ಬರುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮ್ಯೂಸಿಯಂ ತೆರೆದದ್ದು ಯಾವಾಗ, ಯಾರಿಗಾಗಿ ಎಂಬುದು ಗೊತ್ತಾಗದೆ ಅದಕ್ಕೆ ಉತ್ತರವಿಲ್ಲ. ವಿಯೆಟ್ನಾಂ ಬೆಂಬಲದಿಂದ ಬಂದ ಹೆಂಗ್ ಸಮ್ರಿನ್ ಸರ್ಕಾರವನ್ನು ಆಗ ಪಾಶ್ಚಾತ್ಯ ದೇಶಗಳೂ ಚೀನಾವೂ ಒಪ್ಪಿರಲಿಲ್ಲ. ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿಯಲ್ಲಿ ಖ್ಮೇರ್ ರೂಜ್ ಕಡೆಯವರೇ ಕೂತಿದ್ದರು. "ನಾವು ಆಕ್ರಮಣ ಮಾಡಲಿಲ್ಲ, ಜನರನ್ನು ಉಳಿಸಿದೆವು" ಎಂದು ಜಗತ್ತಿಗೆ ತೋರಿಸಲು ಸಾಕ್ಷ್ಯ ಬೇಕಿತ್ತು. ಆ ಕೆಲಸ ಬಿದ್ದದ್ದು ಮಾಯ್ ಲಾಮ್ ಎಂಬ ವಿಯೆಟ್ನಾಂ ಕರ್ನಲ್ ಮೇಲೆ. ಅಮೆರಿಕದ ಯುದ್ಧಾಪರಾಧ ತೋರಿಸುವ ಹೋ ಚಿ ಮಿನ್ ನಗರದ ಮ್ಯೂಸಿಯಂ ಕಟ್ಟಿ ಅನುಭವವಿದ್ದವನು ಆತ. ಎದುರಿಗೆ ಇಟ್ಟುಕೊಂಡ ಮಾದರಿ ಯುರೋಪಿನ ನಾಜಿ ಶಿಬಿರಗಳ ಮ್ಯೂಸಿಯಂಗಳು. ಮೊದಮೊದಲು ಬಂದವರು ವಿದೇಶಿ ನಿಯೋಗಗಳು, ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1980ರ ಜುಲೈಯಲ್ಲಿ. ಅದೇ ತಿಂಗಳು ಇಂದಿರಾ ಗಾಂಧಿ ಸರ್ಕಾರ ಫ್ನೋಮ್ ಪೆನ್‌ನ ಹೊಸ ಆಡಳಿತಕ್ಕೆ ಮಾನ್ಯತೆ ಕೊಟ್ಟಿತು. ಕಮ್ಯುನಿಸ್ಟ್ ದೇಶಗಳ ಹೊರಗೆ ಆಗಿನ ದಿನಗಳಲ್ಲಿ ಅದು ಹೆಚ್ಚುಕಡಿಮೆ ಒಂಟಿ ನಿಲುವೇ.

ಅಪರಾಧಿ ಯಾರು ಎಂಬುದಕ್ಕೂ ಆಗಲೇ ಒಂದು ಸೂತ್ರ ಸಿದ್ಧವಾಯಿತು: "ಪೋಲ್ ಪಾಟ್–ಇಯೆಂಗ್ ಸಾರಿ ಕೂಟ" (ಇಯೆಂಗ್ ಸಾರಿ ಖ್ಮೇರ್ ರೂಜ್ ಸರ್ಕಾರದ ವಿದೇಶಾಂಗ ಸಚಿವ). ಇಬ್ಬರ ಹೆಸರು ಹಿಡಿದರೆ ಉಳಿದ ಸಾವಿರಾರು ಕಾರ್ಯಕರ್ತರ ಬಗ್ಗೆ ಕೇಳುವ ಹಾಗಿಲ್ಲ. ಹೆಂಗ್ ಸಮ್ರಿನ್, ಮುಂದೆ ದಶಕಗಳ ಕಾಲ ಪ್ರಧಾನಿಯಾಗಿದ್ದ ಹುನ್ ಸೆನ್ ಕೂಡ ಒಂದು ಕಾಲದಲ್ಲಿ ಖ್ಮೇರ್ ರೂಜ್ ಪಡೆಯಲ್ಲಿದ್ದು ಆಮೇಲೆ ಹೊರಬಂದವರೇ. ಮುಂದೆ 1996ರಲ್ಲಿ ಇಯೆಂಗ್ ಸಾರಿಯೇ ಪಕ್ಷ ಬದಲಿಸಿ ರಾಜಕ್ಷಮೆ ಪಡೆದ. ಆಗ ಈ ಸೂತ್ರದ ಗತಿ ಏನಾಗಿರಬೇಕು ಯೋಚಿಸಿ.

ಇಷ್ಟು ಗೊತ್ತಿಟ್ಟುಕೊಂಡು ಆವರಣದೊಳಗೆ ಬನ್ನಿ. ಅದು ಮೂಲತಃ ಹೈಸ್ಕೂಲು. ಎ, ಬಿ, ಸಿ, ಡಿ ಎಂದು ನಾಲ್ಕು ಕಟ್ಟಡ. ಮೊದಲು ನೋಡುವುದು ಎ: ಖಾಲಿ ತರಗತಿ, ಹಳದಿ-ಬಿಳಿ ಚೌಕದ ನೆಲ, ನಡುವೆ ತುಕ್ಕು ಹಿಡಿದ ಕಬ್ಬಿಣದ ಮಂಚ, ಗೋಡೆಯ ಮೇಲೆ ಅದೇ ಮಂಚದ ಮೇಲೆ ಸಿಕ್ಕ ಶವದ ಫೋಟೊ. ವಿಯೆಟ್ನಾಂನವರಿಗೆ ಒಟ್ಟು 14 ಶವ ಸಿಕ್ಕಿದ್ದವು, ಅಂಗಳದ 14 ಬಿಳಿ ಸಮಾಧಿ ಅವರವೇ. ಸಿ ಕಟ್ಟಡದಲ್ಲಿ ತರಗತಿಯೊಳಗೇ ಇಟ್ಟಿಗೆ ಗೋಡೆ ಎಬ್ಬಿಸಿ ಮಾಡಿದ ಗೂಡುಗಳು, ಸುಮಾರು 0.8 ಮೀಟರ್ ಅಗಲ, 2 ಮೀಟರ್ ಉದ್ದ. ವರಾಂಡಕ್ಕೆ ಮುಳ್ಳುತಂತಿಯ ಬಲೆ. ಬಂದಿಗಳು ಮೇಲಿನಿಂದ ಹಾರಿ ಪ್ರಾಣ ಬಿಡಬಾರದು ಎಂದು ಹಾಕಿದ್ದು ಅದು. ಅಂಗಳದ ಮರದ ಚೌಕಟ್ಟು ಗಲ್ಲುಗಂಬದ ಹಾಗೆ ಕಾಣುತ್ತದೆ, ಆದರೆ ಅದು ಶಾಲಾ ಮಕ್ಕಳ ಕಸರತ್ತಿಗೆ ಇದ್ದ ಕಂಬ. ಅದನ್ನೇ ಹಿಂಸೆಗೆ ಬಳಸಿದರು.

ವಿದ್ಯಾರ್ಥಿಗಳ ಕೈಗೆ ಒಂದು ಹಾಳೆ ಕೊಡಿ, ಮೂರು ಕಾಲಂ ಹಾಕಿಸಿ. 1979ರ ಜನವರಿಗೆ ಮೊದಲೇ ಇದ್ದದ್ದು. ಆಮೇಲೆ ತಂದು ಜೋಡಿಸಿದ್ದು. ಒಬ್ಬರ ಹೇಳಿಕೆಯನ್ನು ನಂಬಿ ಮಾಡಿದ್ದು. ಇಟ್ಟಿಗೆ ಗೂಡು, ಕಾಲುಬೇಡಿ, ಕಡತ ಮೊದಲ ಕಾಲಂಗೆ. ಬಂದಿಗಳ ಭಾವಚಿತ್ರ ಹಾಕುವಾಗ ಹುಡುಗರು ತಡವರಿಸಬೇಕು, ಏಕೆಂದರೆ ನೆಗೆಟಿವ್ ಸೆರೆಮನೆಯದು, ಪ್ರಿಂಟೂ ಸಾಲುಸಾಲು ಜೋಡಣೆಯೂ ಮ್ಯೂಸಿಯಂನದು. ವಾನ್ ನಾಥ್ ಅವರ ವರ್ಣಚಿತ್ರಗಳು ಮೂರನೆಯದಕ್ಕೆ. ಪೋಲ್ ಪಾಟನ ಚಿತ್ರ ಬರೆಯಬಲ್ಲರು ಎಂಬ ಕಾರಣಕ್ಕೆ ಜೀವ ಉಳಿದ ಕಲಾವಿದರು ಅವರು. ಕೆಲವು ದೃಶ್ಯ ತಾವೇ ಕಂಡದ್ದು, ಕೆಲವು ಸಹಬಂದಿಗಳಿಂದ ಕೇಳಿದ್ದು ಎಂದು ಅವರೇ ಬಿಡಿಸಿ ಹೇಳಿದ್ದರು. ಆ ಪ್ರಾಮಾಣಿಕತೆ ಚಿತ್ರದ ಬೆಲೆಯನ್ನು ಹೆಚ್ಚಿಸಿತೇ ಹೊರತು ತಗ್ಗಿಸಲಿಲ್ಲ.

ಎಲ್ಲಕ್ಕಿಂತ ತೊಡಕಿನದು ಅಂಗಳದ "ಹತ್ತು ನಿಯಮ"ಗಳ ಫಲಕ. ಪೆಟ್ಟು ಬೀಳುವಾಗ, ಕರೆಂಟು ಕೊಡುವಾಗ ಅಳಬಾರದು ಎನ್ನುವ ಆ ಫಲಕದ ಫೋಟೊ ತೆಗೆಯದ ಪ್ರವಾಸಿಯಿಲ್ಲ. ಸೆರೆಮನೆಯ ಮುಖ್ಯಸ್ಥ, ಡುಚ್ ಎಂದು ಹೆಸರಾದ ಕಾಂಗ್ ಗೆಕ್ ಇಯಾವ್, ಇದು ಎಸ್-21ರದ್ದಲ್ಲ, ವಿಯೆಟ್ನಾಂನವರು ಬರೆಸಿದ್ದು ಎಂದು ನ್ಯಾಯಾಲಯದಲ್ಲಿ ವಾದಿಸಿದ. ಅಪರಾಧಿಯ ಮಾತು ಎಂದು ತಳ್ಳಿಹಾಕುವುದು ಸುಲಭ. ಆದರೆ ಸೆರೆಮನೆಯ ಹಿಂಸೆಯ ಹೊಣೆ ಒಪ್ಪಿಕೊಂಡವನು ಫಲಕದ ವಿಷಯಕ್ಕೆ ತಕರಾರು ತೆಗೆದನೆಂದರೆ ತರಗತಿಯಲ್ಲಿ ಒಂದು ಗಂಟೆ ಚರ್ಚಿಸಲು ಅಷ್ಟು ಸಾಕು. ಯಾವ ಕಾಲಂಗೆ ಹಾಕುತ್ತೀರಿ, ಏಕೆ ಎಂದು ಕೇಳಿ. ಉತ್ತರ ಹೇಳಿಕೊಡಬೇಡಿ.

ಫೋಟೊಗಳ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲಿಸಿ. ಬಂದಿಯನ್ನು ತಂದ ಕೂಡಲೇ ಕೂರಿಸಿ, ಎದೆಗೆ ಅಂಕಿಯ ಚೀಟಿ ಸಿಕ್ಕಿಸಿ ತೆಗೆದವು ಇವು. ಆ ಅಂಕಿ ಬಂದಿಯ ಶಾಶ್ವತ ಸಂಖ್ಯೆಯಲ್ಲ, ಎಣಿಕೆ ಮತ್ತೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಅಂಗಿಯಿಲ್ಲದ ಒಬ್ಬ ಹುಡುಗನ ಚಿತ್ರವಿದೆ: 17 ಎಂದು ಬರೆದ ಚೀಟಿಯನ್ನು ಎದೆಯ ಚರ್ಮಕ್ಕೇ ಪಿನ್ನಿನಿಂದ ಚುಚ್ಚಲಾಗಿದೆ, ಹುಡುಗ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾನೆ. ಆ ಕ್ಯಾಮೆರಾದ ಹಿಂದೆ ನಿಂತವನು ಕೊಲ್ಲುವವರ ಕಡೆಯವನು. ಮ್ಯೂಸಿಯಂಗೆ ಬಂದ ನಾವೂ ಅದೇ ಜಾಗದಲ್ಲಿ ನಿಂತು ನೋಡುತ್ತೇವೆ. ಸತ್ತವರನ್ನು ಕೊಂದವರ ಕಣ್ಣಿನಿಂದ ಮಾತ್ರ ನೋಡಲು ಸಾಧ್ಯವಾಗಿಸುವುದು ಈ ಮ್ಯೂಸಿಯಂನ ದೊಡ್ಡ ಮಿತಿ. ಅದರಲ್ಲೂ ಬಹುಕಾಲ ಚಿತ್ರಗಳ ಕೆಳಗೆ ಹೆಸರೇ ಇರಲಿಲ್ಲ, ಏಕೆಂದರೆ ನೆಗೆಟಿವ್ ಒಂದು ಕಡೆ, ಜೀವನ ವಿವರದ ಹಾಳೆ ಇನ್ನೊಂದು ಕಡೆ ಚದುರಿಹೋಗಿತ್ತು. ಎಂಬತ್ತರ ದಶಕದಲ್ಲಿ ಜನ ಬರುತ್ತಿದ್ದದ್ದು ಇತಿಹಾಸ ನೋಡಲು ಅಲ್ಲ, ಗೋಡೆಯ ಮೇಲೆ ಅಣ್ಣನೋ ಮಗಳೋ ಇದ್ದಾರೆಯೇ ಎಂದು ಹುಡುಕಲು.

ಆಮೇಲೆ ಆದ ಎರಡು ಎಡವಟ್ಟು ಹೇಳಬೇಕು. 1990ರ ದಶಕದಲ್ಲಿ ಅಮೆರಿಕದ ಇಬ್ಬರು ಛಾಯಾಗ್ರಾಹಕರು ಸುಮಾರು 6,000 ನೆಗೆಟಿವ್ ಶುಚಿ ಮಾಡಿ ಪಟ್ಟಿ ಮಾಡಿದರು. ಒಳ್ಳೆಯ ಕೆಲಸ. ಆದರೆ ಅದರಲ್ಲಿ 22 ಚಿತ್ರ 1997ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಗೋಡೆಗೆ, ಕಲಾಕೃತಿಯ ಸಾಲಿನಲ್ಲಿ, ಏರಿದವು. ಹೆಸರಿಲ್ಲದ ಮುಖ ಅಲ್ಲಿಗೆ ಹೋದರೆ ಬರಿಯ "ಮುಖ"ವಾಗಿಬಿಡುತ್ತದೆ. 2021ರಲ್ಲಿ ಇದಕ್ಕಿಂತ ಕೆಟ್ಟದ್ದಾಯಿತು. ಈ ಚಿತ್ರಗಳಿಗೆ ಬಣ್ಣ ತುಂಬಿದ ಒಬ್ಬ ಕಲಾವಿದ ಕೆಲವು ಮುಖಗಳಲ್ಲಿ ನಗು ಸೇರಿಸಿದ್ದ, ಒಂದು ಜಾಲಪತ್ರಿಕೆ ಪ್ರಕಟಿಸಿತು. ಸತ್ತವರ ಕುಟುಂಬದವರೂ ಕಾಂಬೋಡಿಯಾದ ಸಂಸ್ಕೃತಿ ಸಚಿವಾಲಯವೂ ಕೆರಳಿದ ಮೇಲೆ ತೆಗೆದುಹಾಕಿತು. ಮೂಲ ಚಿತ್ರದ ಜೊತೆ ತಾಳೆ ನೋಡಲು ಬಂದದ್ದರಿಂದಲೇ ಮೋಸ ಬಯಲಾಯಿತು ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ. ಯುನೆಸ್ಕೊ 2009ರಲ್ಲಿ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿದ ಈ ಸಂಗ್ರಹದಲ್ಲಿ 4,186 ತಪ್ಪೊಪ್ಪಿಗೆ, 6,226 ಜೀವನ ವಿವರ, 6,147 ಫೋಟೊ ಮತ್ತು ನೆಗೆಟಿವ್ ಇವೆ. ಈಗ ಡಿಜಿಟಲ್ ರೂಪದಲ್ಲೂ ನೋಡಬಹುದು. ತಪ್ಪೊಪ್ಪಿಗೆ ಓದುವಾಗ ಮಾತ್ರ ಎಚ್ಚರ. "ನಾನು ಸಿಐಎ ಏಜೆಂಟ್" ಎಂಬ ವಾಕ್ಯ ನೂರಾರು ಕಡೆ ಬರುತ್ತದೆ. ಅದು ಹೊಡೆತದ ದಾಖಲೆ, ಬೇಹುಗಾರಿಕೆಯದ್ದಲ್ಲ.

ಬೇರೆ ದಾರಿ ಇದೆಯೇ ಎಂದರೆ, ಇದೆ. ವಾಷಿಂಗ್ಟನ್‌ನ ಹಾಲೊಕಾಸ್ಟ್ ಮ್ಯೂಸಿಯಂನಲ್ಲಿ ಒಂದು ಎತ್ತರದ ಗೋಪುರದ ತುಂಬ ಇಂದಿನ ಲಿಥುವೇನಿಯದ ಐಶಿಷ್ಕೆಸ್ ಎಂಬ ಪುಟ್ಟ ಊರಿನ ಫೋಟೊಗಳು: ಮದುವೆ, ಪಿಕ್ನಿಕ್, ಶಾಲೆ, ಸೈಕಲ್ ಹಿಡಿದ ಹುಡುಗರು. 1941ರ ಸೆಪ್ಟೆಂಬರಿನ ಎರಡು ದಿನಗಳಲ್ಲಿ ಆ ಊರಿನ ಯಹೂದ್ಯರನ್ನು ಕೊಂದು ಮುಗಿಸಿದರು. ಫೋಟೊ ತೆಗೆಸಿಕೊಂಡವರು ಸ್ವಂತ ಇಷ್ಟದಿಂದ ತೆಗೆಸಿಕೊಂಡಿದ್ದರು, ವ್ಯತ್ಯಾಸ ಇಷ್ಟೇ. ಆಷ್ವಿಟ್ಸ್‌ನಿಂದ ಬಂದ ಕೂದಲನ್ನು ಪ್ರದರ್ಶಿಸುವ ಯೋಚನೆಯನ್ನು ಬದುಕುಳಿದವರ ಆಕ್ಷೇಪದ ಮೇಲೆ ಕೈಬಿಟ್ಟು ಅಲ್ಲಿ ಬರಿಯ ಫೋಟೊ ಇಟ್ಟರು. ಅತಿ ಕ್ರೂರ ದೃಶ್ಯಗಳಿಗೆ ಮಕ್ಕಳ ಕಣ್ಣಿಗೆ ಎಟುಕದಷ್ಟು ಎತ್ತರದ ಅಡ್ಡಗೋಡೆ ಕಟ್ಟಿದ್ದಾರೆ, ಮುಖ್ಯ ಪ್ರದರ್ಶನಕ್ಕೆ 11 ವರ್ಷ ದಾಟಿದವರು ಬಂದರೆ ಸಾಕು ಎನ್ನುತ್ತಾರೆ. 1994ರ ಜನಾಂಗಹತ್ಯೆಯಲ್ಲಿ ಸತ್ತವರಿಗಾಗಿ ಇರುವ ರುವಾಂಡದ ಕಿಗಾಲಿ ಸ್ಮಾರಕದ ಮಕ್ಕಳ ಕೋಣೆಯಲ್ಲಿ ದೊಡ್ಡ ಫೋಟೊ, ಕೆಳಗೆ ಆ ಮಗುವಿಗೆ ಇಷ್ಟವಾದ ತಿಂಡಿ, ಆಟ, ಕೊನೆಗೆ ಸತ್ತ ಬಗೆ. ಹಾಗೆಂದು ರುವಾಂಡದಲ್ಲಿ ಎಲ್ಲವೂ ಮೃದು ಎಂದಲ್ಲ, ಅಲ್ಲಿನದೇ ಮುರಂಬಿ ಸ್ಮಾರಕದಲ್ಲಿ ಸುಣ್ಣ ಹಚ್ಚಿ ಉಳಿಸಿದ ಶವಗಳನ್ನೇ ಇಟ್ಟಿದ್ದಾರೆ.

ಶವಗಳ ಮಾತು ಬಂದಿತಲ್ಲ, ಇಲ್ಲಿನ ಮೂಳೆಗಳ ಕಥೆಯೂ ಕೇಳಿ. ತೂಲ್ ಸ್ಲೆಂಗ್‌ನ ಕೊನೆಯ ಕೋಣೆಯಲ್ಲಿ ಮಾಯ್ ಲಾಮ್ ಸುಮಾರು 300 ತಲೆಬುರುಡೆ ಜೋಡಿಸಿ ಕಾಂಬೋಡಿಯಾದ ನಕ್ಷೆ ಮಾಡಿಸಿದ್ದ, ನದಿಗಳಿಗೆ ರಕ್ತದ ಕೆಂಪು. ಬೌದ್ಧರಿಗೆ ಸಂಸ್ಕಾರವಾಗದ ಬುರುಡೆಯನ್ನು ಗೋಡೆಗೆ ಬಡಿಯುವುದು ಹೇಗೆ ಕಾಣಬೇಕು? ಅಸ್ಥಿಗಳಿಗೆ ದಹನ ಸಂಸ್ಕಾರವಾಗಲಿ ಎಂದು ರಾಜ ಸಿಹಾನೂಕ್ ಹೇಳುತ್ತಲೇ ಬಂದ, ಸಾಕ್ಷ್ಯ ಹೋಗುತ್ತದೆ ಎಂದು ಸರ್ಕಾರ ಒಪ್ಪಲಿಲ್ಲ. ಕೊನೆಗೆ 2002ರ ಮಾರ್ಚ್‌ನಲ್ಲಿ ನಕ್ಷೆ ಕಳಚಿದರು, ಬುರುಡೆ ಉಳಿಸಿಕೊಂಡರು. ಎಸ್-21ರ ಬಂದಿಗಳನ್ನು ಒಯ್ದು ಕೊಲ್ಲುತ್ತಿದ್ದ ಚೋಯುಂಗ್ ಎಕ್, ನಗರದಿಂದ ಸುಮಾರು 15 ಕಿಲೋಮೀಟರ್. 129 ಗುಂಡಿಗಳಲ್ಲಿ 86 ತೆಗೆದು 8,985 ಶವದ ಅವಶೇಷ ಎತ್ತಿದರು, ಉಳಿದವನ್ನು ಮುಟ್ಟಲಿಲ್ಲ. 1988ರಲ್ಲಿ ಕಟ್ಟಿದ ಗಾಜಿನ ಸ್ತೂಪದಲ್ಲಿ ಬುರುಡೆಗಳಿವೆ. ಮಳೆಗಾಲ ಮುಗಿದರೆ ಇಂದಿಗೂ ಬಟ್ಟೆಯ ಚೂರು, ಹಲ್ಲು ಮೇಲೆ ಬರುತ್ತವೆ. ಹೆಜ್ಜೆ ನೋಡಿ ಇಡಲು, ಏನನ್ನೂ ಎತ್ತದಿರಲು ಹುಡುಗರಿಗೆ ಬಸ್ಸಿನಲ್ಲೇ ಹೇಳಿಬಿಡಿ.

ಇನ್ನು ಹೆಸರಿನ ವಿಷಯ. ಕನ್ನಡ ಪತ್ರಿಕೆಗಳಲ್ಲಿ ನಾವು ಯಾವ ಸಾಮೂಹಿಕ ಕೊಲೆಗೂ "ನರಮೇಧ" ಎಂದುಬಿಡುತ್ತೇವೆ. 1948ರ ಒಪ್ಪಂದದ ಪ್ರಕಾರ ಜನಾಂಗಹತ್ಯೆ ಎಂದರೆ ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು ಗುಂಪೆಂಬ ಕಾರಣಕ್ಕೇ ಅಳಿಸುವ ಉದ್ದೇಶ ಇರಬೇಕು. ಡುಚ್‌ಗೆ ಶಿಕ್ಷೆಯಾದದ್ದು ಮಾನವತೆಯ ವಿರುದ್ಧದ ಅಪರಾಧಕ್ಕೆ ಮತ್ತು ಜಿನೀವಾ ಒಪ್ಪಂದಗಳ ಗಂಭೀರ ಉಲ್ಲಂಘನೆಗೆ. ಜನಾಂಗಹತ್ಯೆ ಅವನ ಆರೋಪಪಟ್ಟಿಯಲ್ಲೇ ಇರಲಿಲ್ಲ. ಆ ಮಾತು ಈ ನ್ಯಾಯಮಂಡಳಿಯ ತೀರ್ಪಿನಲ್ಲಿ ಬಂದದ್ದು 2018ರ ನವೆಂಬರ್ 16ರಂದು: ಚಾಮ್ ಮುಸ್ಲಿಮರು ಮತ್ತು ವಿಯೆಟ್ನಾಮೀಯರ ವಿಷಯದಲ್ಲಿ ಪೋಲ್ ಪಾಟನ ನಂತರದ ಸ್ಥಾನದಲ್ಲಿದ್ದ ನುವಾನ್ ಚಿಯಾ ತಪ್ಪಿತಸ್ಥ, ವಿಯೆಟ್ನಾಮೀಯರ ವಿಷಯದಲ್ಲಿ ಮಾತ್ರ ಆಗಿನ ರಾಷ್ಟ್ರಾಧ್ಯಕ್ಷ ಖಿಯು ಸಂಫಾನ್. ಎಸ್-21ರಲ್ಲಿ ಸತ್ತವರಲ್ಲಿ ಬಹುಪಾಲು ಖ್ಮೇರರೇ, ಅಂದರೆ ದೇಶದ ಬಹುಸಂಖ್ಯಾತ ಜನರೇ. ಅವರಲ್ಲೂ ಖ್ಮೇರ್ ರೂಜ್ ಪಕ್ಷದವರೇ ದಂಡಿಯಾಗಿದ್ದರು, ಸೆರೆಮನೆಯ ಸ್ವಂತ ಕಾವಲುಗಾರರೂ ಇದ್ದರು. 2015ರಲ್ಲಿ ಅಂಗಳದಲ್ಲಿ ಸ್ಮಾರಕ ಸ್ತೂಪ ಕಟ್ಟಿ ಕಪ್ಪು ಕಲ್ಲಿನ ಮೇಲೆ ಹೆಸರು ಕೆತ್ತಿದಾಗ, ಹಿಂಸೆ ಕೊಟ್ಟು ಆಮೇಲೆ ತಾನೇ ಹಿಂಸೆಗೆ ಬಿದ್ದವನ ಹೆಸರೂ ಅದೇ ಸಾಲಿಗೆ ಬಂತು. ಬೇರೆ ಮಾಡಬೇಕಿತ್ತೇ? ಮಾಡಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಹೇಳುವ ಒಂದು ಫಲಕ ಎದ್ದು ಕಾಣುವ ಹಾಗೆ ಇರಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದಿದೆ. 1975ರ ಏಪ್ರಿಲ್ 17ರಿಂದ 1979ರ ಜನವರಿ 7ರವರೆಗೆ ಸತ್ತವರು 17ರಿಂದ 22 ಲಕ್ಷ, ಅದರಲ್ಲಿ ಹೊಡೆದು ಕಡಿದು ಕೊಂದದ್ದು ಸುಮಾರು 8 ಲಕ್ಷ ಎಂದು ನ್ಯಾಯಮಂಡಳಿಯ ಜನಸಂಖ್ಯಾ ತಜ್ಞರು ಅಂದಾಜಿಸಿದರು. ಉಳಿದವರು ಸತ್ತದ್ದು ಹಸಿವಿನಿಂದ, ರೋಗದಿಂದ, ದುಡಿದು ದಣಿದು. ಎಸ್-21 ಒಟ್ಟು ಸಾವಿನ ನೂರಕ್ಕೆ ಒಂದು ಪಾಲು. ಆದರೂ ಕಾಂಬೋಡಿಯಾ ಎಂದ ಕೂಡಲೇ ಜಗತ್ತಿಗೆ ನೆನಪಾಗುವುದು ಮಂಚ, ಬೇಡಿ, ಮುಖಗಳ ಗೋಡೆ. ಏಕೆಂದರೆ ಸೆರೆಮನೆ ಕಡತ ಇಟ್ಟಿತು, ಕಟ್ಟಡ ಕಲ್ಲು ಇಟ್ಟಿಗೆಯದು, ರಾಜಧಾನಿಯ ನಡುವೆ ಇತ್ತು. ಜನರನ್ನು ಒಟ್ಟಿಗೆ ದುಡಿಸಿ ಒಟ್ಟಿಗೆ ಉಣ್ಣಿಸುತ್ತಿದ್ದ ಖ್ಮೇರ್ ರೂಜ್‌ನ ಸಹಕಾರಿ ಹಳ್ಳಿಯಲ್ಲಿ ಅಕ್ಕಿಕಾಳು ಎಣಿಸುವಷ್ಟು ತೆಳ್ಳಗಿನ ಗಂಜಿ ಕುಡಿದು ಗದ್ದೆಯ ಬದುವಿನ ಮೇಲೆ ಸತ್ತವರ ಫೋಟೊವನ್ನು ಯಾರೂ ತೆಗೆಯಲಿಲ್ಲ. ಮ್ಯೂಸಿಯಂ ವಸ್ತುವಿದ್ದರೆ ತಾನೇ ತೋರಿಸುವುದು. ಹಸಿವಿಗೆ ವಸ್ತುವಿಲ್ಲ.

ಹಾಗಾಗಿ ನಿಮ್ಮ ಪ್ರವಾಸಕ್ಕೆ ಹೀಗೆ ಮಾಡಿ. ಮೊದಲ ದಿನ ಬೆಳಿಗ್ಗೆ ತೂಲ್ ಸ್ಲೆಂಗ್, ಕಡಿಮೆ ಎಂದರೂ ಮೂರು ಗಂಟೆ. ಒಬ್ಬೊಬ್ಬರಿಗೂ ಆಡಿಯೊ ಗೈಡ್ ಕೊಡಿಸಿ, ಗುಂಪಿನಲ್ಲಿ ಗೈಡ್ ಹಿಂದೆ ಓಡಿದರೆ ಯಾರೂ ಏನೂ ಓದುವುದಿಲ್ಲ. ಯಾರಿಗಾದರೂ ತಡೆಯಲಾಗದಿದ್ದರೆ ಅಂಗಳದ ಮರದ ಕೆಳಗೆ ಕೂರಲಿ, ಒತ್ತಾಯ ಬೇಡ. ಅದೇ ದಿನ ಮಧ್ಯಾಹ್ನ ಚೋಯುಂಗ್ ಎಕ್‌ಗೆ ಎಳೆದೊಯ್ಯಬೇಡಿ. ಪ್ರವಾಸ ಕಂಪನಿಗಳು ಎರಡನ್ನೂ ಅರ್ಧ ದಿನಕ್ಕೆ ತುರುಕುತ್ತವೆ, ಸಂಜೆಗೆ ಎರಡೂ ಕಲಸಿಹೋಗಿರುತ್ತವೆ. ಮರುದಿನ ಇಟ್ಟುಕೊಳ್ಳಿ.

ಮೂರನೆಯ ಜಾಗ ನಿಮ್ಮ ಆಂಕೋರ್ ದಾರಿಯಲ್ಲೇ ಸೇರಿಸಬಹುದು. ಸಿಯೆಮ್ ರೀಪ್‌ನಿಂದ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ತ್ರಪಿಯಾಂಗ್ ಥ್ಮಾ ಎಂಬ ದೊಡ್ಡ ಕೆರೆ. 1977ರಲ್ಲಿ ಸಾವಿರಾರು ಜನರಿಂದ ಗುದ್ದಲಿ ಹಿಡಿಸಿ, ಅಡ್ಡೆಯಲ್ಲಿ ಮಣ್ಣು ಹೊರಿಸಿ ಕಟ್ಟಿಸಿದ ಏರಿ ಅದು. 2018ರ ತೀರ್ಪಿನಲ್ಲಿ ಅದಕ್ಕೇ ಒಂದು ಭಾಗವಿದೆ. ತೂಲ್ ಸ್ಲೆಂಗ್‌ನಂಥ ಮ್ಯೂಸಿಯಂ ಅಲ್ಲಿಲ್ಲ. ಈಗ ಅದು ಸಾರಸ ಕೊಕ್ಕರೆಗಳ ರಕ್ಷಿತ ತಾಣ, ಜನವರಿಯಿಂದ ಏಪ್ರಿಲ್‌ವರೆಗೆ ಹಕ್ಕಿ ನೋಡುವವರು ಬರುತ್ತಾರೆ. ಅಲ್ಲಿನ ಗೈಡ್ ಹಕ್ಕಿಯ ವಿಷಯ ಹೇಳುತ್ತಾನೆ. ಏರಿಯ ವಿಷಯಕ್ಕೆ ತೀರ್ಪಿನ ಆ ಪುಟಗಳನ್ನು ಮುದ್ರಿಸಿಕೊಂಡು ಹೋಗಿ, ಏರಿಯ ಮೇಲೆ ನಿಂತೇ ಓದಿಸಿ, ಮೂರು ಕಾಲಂನ ಹಾಳೆಯನ್ನು ಮತ್ತೆ ಕೈಗೆ ಕೊಡಿ.